ಇಳಕಲ್ ಕೈಮಗ್ಗವನ್ನು ಉಳಿಸುವುದು ಸರ್ಕಾರದ ಹೊಣೆಯೇ? ಪರ–ವಿರೋಧ

ಪರ: ನಕಲಿಯನ್ನು ತಡೆಯುವುದೇ ಮೊದಲ ನೆರವು
(ಬರೆದವರು: ಇಳಕಲ್ಲಿನ ನೇಕಾರ ಮನೆತನದ ಪ್ರೌಢಶಾಲಾ ಶಿಕ್ಷಕಿ)

ಕೈಮಗ್ಗಕ್ಕೆ ಸರ್ಕಾರದ ನೆರವು ಬೇಕು ಎಂದ ಕೂಡಲೇ ಎದುರಾಗುವ ಪ್ರಶ್ನೆ ಒಂದೇ: ಕೊಳ್ಳುವವರಿಲ್ಲದ ಮಾಲನ್ನು ಜನರ ತೆರಿಗೆ ಹಣದಿಂದ ಏಕೆ ಸಾಕಬೇಕು? ಇಳಕಲ್ ಸೀರೆಯ ಮಟ್ಟಿಗೆ ಈ ಪ್ರಶ್ನೆಯ ಬುಡವೇ ಸರಿಯಿಲ್ಲ. ಬಾಗಲಕೋಟೆಯಿಂದ ಪುಣೆಯವರೆಗೆ ಯಾವ ಪೇಟೆಯ ಬಟ್ಟೆ ಅಂಗಡಿಗೆ ಹೋಗಿ ಕೇಳಿದರೂ ಇಳಕಲ್ ಸೀರೆಯ ರಾಶಿಯನ್ನೇ ತಂದು ಮುಂದೆ ಹರವುತ್ತಾರೆ. ಮದುವೆಗೆ, ಕುಬಸಕ್ಕೆ, ಉಡಿ ತುಂಬುವ ಕಾರ್ಯಕ್ಕೆ, ಸಂಕ್ರಾಂತಿಯ ಕರಿ ಚಂದ್ರಕಾಳಿಗೆ ಎಂದು ಹುಡುಕಿಕೊಂಡು ಬರುವ ಹೆಣ್ಣುಮಕ್ಕಳಿಗೂ ಕೊರತೆಯಿಲ್ಲ. ಕೊರತೆಯಿರುವುದು ಆ ರಾಶಿಯಲ್ಲಿ ಇಳಕಲ್ಲಿನ ಕುಣಿಮಗ್ಗದ (ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕೈಮಗ್ಗ) ಮೇಲೆ ನೇಯ್ದ ಸೀರೆಗೆ. ಹೆಸರು ನಮ್ಮೂರಿನದು, ಗಿರಾಕಿ ಬರುವುದು ಆ ಹೆಸರನ್ನು ನಂಬಿ, ಹಣ ಹೋಗುವುದು ಮಾತ್ರ ವಿದ್ಯುತ್ ಮಗ್ಗದ ನಕಲಿಗೆ. ಹೀಗಿರುವಾಗ ನೇಕಾರರ ಬೇಡಿಕೆಯನ್ನು ದಾನದ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ಸರ್ಕಾರ ತಾನೇ ಮಾಡಿದ ಕಾನೂನನ್ನು ತಾನೇ ಕಾಯಬೇಕು ಎಂಬುದು ನಮ್ಮ ಮೊದಲ ಬೇಡಿಕೆ.

ಈ ಸೀರೆಯಲ್ಲಿ ಅಂಥದ್ದೇನಿದೆ ಎನ್ನುವವರು ಅದರ ಸೆರಗನ್ನು ಕೈಯಲ್ಲಿ ಹಿಡಿದು ನೋಡಬೇಕು. ಸಾಮಾನ್ಯವಾಗಿ ಸೀರೆಯ ಒಡಲಿನ ಹಾಸೇ (ಉದ್ದಕ್ಕೆ ಹೂಡಿದ ಎಳೆಗಳು) ಸೆರಗಿನ ತುದಿಯವರೆಗೂ ಹರಿದು ಹೋಗುತ್ತದೆ. ಹೊಕ್ಕಿನ (ಅಡ್ಡ ಎಳೆಗಳ) ಬಣ್ಣವನ್ನು ಬದಲಿಸಿ ಸೆರಗನ್ನು ಬೇರೆ ಮಾಡಿ ತೋರಿಸುತ್ತಾರೆ. ಇಳಕಲ್ಲಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ದಡಿಯ ಹಾಸು ಬೇರೆ. ಒಡಲಿಗೆ ಹತ್ತಿಯ ನೂಲು, ಸೆರಗಿಗೆ ಕೆಂಪು ರೇಷ್ಮೆ. ಈ ಎರಡು ಹಾಸುಗಳ ತುದಿಗಳನ್ನು ಎಳೆಗೆ ಎಳೆ ಕುಣಿಕೆಯಲ್ಲಿ ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೊಂಡಿಯ ಕೆಲಸ ಅವ್ವನದು. ಹೊತ್ತು ಏರುವ ಮೊದಲು, ಕಿಟಕಿಯ ಬೆಳಕು ನೇರವಾಗಿ ಬೀಳುವಲ್ಲಿ ಕುಳಿತು, ಎಡಗೈಯ ಎರಡು ಬೆರಳುಗಳ ನಡುವೆ ರೇಷ್ಮೆಯ ಎಳೆಯನ್ನು ಹಿಡಿದು, ಅದರ ಕುಣಿಕೆಯೊಳಗೆ ಹತ್ತಿಯ ಎಳೆಯನ್ನು ತೂರಿಸಿ, ಹಗುರವಾಗಿ ಜಗ್ಗಿ ಬಿಗಿ ಮಾಡಿ, ಮುಂದಿನ ಎಳೆಗೆ ಹೋಗುತ್ತಿದ್ದಳು. ಸೀರೆಯ ಅಗಲದುದ್ದಕ್ಕೂ ಸಾವಿರಾರು ಎಳೆಗಳು. ನಡುವೆ ಒಂದು ತಪ್ಪಿದರೂ ನೇಯ್ಗೆಯಲ್ಲಿ ಅಲ್ಲಿ ಸಂದು ಬಿದ್ದೇ ಬೀಳುತ್ತಿತ್ತು. ಮಾತಾಡಿಸಿದರೆ ತಲೆ ಎತ್ತುತ್ತಿರಲಿಲ್ಲ. ನಾವು ಮಕ್ಕಳು ಹಸಿವೆಯಾದರೂ ಆ ಹೊತ್ತಿನಲ್ಲಿ ಆಕೆಯನ್ನು ಕರೆಯುತ್ತಿರಲಿಲ್ಲ.

ಹೀಗೆ ಪ್ರತಿ ಸೀರೆಗೂ ಸೆರಗಿನ ಹಾಸನ್ನು ಹೊಸದಾಗಿ ಕೂಡಿಸಬೇಕಾಗುವುದರಿಂದ ವಿದ್ಯುತ್ ಮಗ್ಗಕ್ಕೆ ಇದು ಒಗ್ಗುವುದಿಲ್ಲ. ಅದಕ್ಕೆ ಬೀಮಿಗೆ ಸುತ್ತಿದ ಉದ್ದನೆಯ ಒಂದೇ ಹಾಸು ಬೇಕು, ಅದು ನಿಲ್ಲದೆ ಓಡಬೇಕು. ಕೊಂಡಿಯ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಆದ್ದರಿಂದಲೇ ಆ ಕೆಂಪಿಗೆ ಅಷ್ಟು ತುಂಬು ಬಣ್ಣ, ಅದರ ಮೇಲಿನ ಬಿಳಿ ಟೋಪ್ ತೆನಿ ಚಿತ್ತಾರಕ್ಕೆ ಅಷ್ಟು ಎದ್ದ ರೂಪ. ಮೋಟಾರಿನ ಮೇಲೆ ನೇಯ್ದದ್ದರಲ್ಲಿ ಒಡಲಿನ ಹಸಿರೋ ನೀಲಿಯೋ ಕೆಂಪಿನ ಅಡಿಯಿಂದ ಇಣುಕಿ ಸೆರಗನ್ನು ಮಂಕು ಮಾಡುತ್ತದೆ. ಬಲ್ಲವರಿಗೆ ಇದು ಒಂದು ನೋಟಕ್ಕೆ ತಿಳಿಯುತ್ತದೆ. ಪಟ್ಟಣದ ಅಂಗಡಿಯಲ್ಲಿ ದೀಪದ ಬೆಳಕಿನಲ್ಲಿ ಸೀರೆ ಆರಿಸುವ ಹೆಣ್ಣುಮಗಳಿಗೆ ತಿಳಿಯುವುದಿಲ್ಲ. ತಿಳಿಯದವರಿಗೆ ಮೋಸವಾಗದಂತೆ ನೋಡಿಕೊಳ್ಳುವುದು ಯಾರ ಕೆಲಸ? ತೂಕದ ಕಲ್ಲಿಗೆ ಮುದ್ರೆ ಒತ್ತುವುದು, ಬಂಗಾರಕ್ಕೆ ಹಾಲ್‌ಮಾರ್ಕ್ ಹಾಕಿಸುವುದು ಸರ್ಕಾರದ ಕೆಲಸವಾದರೆ ಇದೂ ಅದರದೇ ಕೆಲಸ.

ಕಾನೂನು ಇಲ್ಲವೆಂದಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆಯನ್ನು ಸಂಸತ್ತು 1985ರಲ್ಲಿಯೇ ಮಾಡಿತು. ವಿದ್ಯುತ್ ಮಗ್ಗದವರು ಅದರ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಮೊದಲು 22 ಇದ್ದ ಮೀಸಲು ಬಗೆಗಳನ್ನು ಆಮೇಲೆ 11ಕ್ಕೆ ಇಳಿಸಿದರು. ಆ ಹನ್ನೊಂದರಲ್ಲಿ ಸೀರೆ ಈಗಲೂ ಇದೆ. 2006ರಲ್ಲಿ ಕೈಮಗ್ಗದ್ದೇ ಎಂದು ಗುರುತಿಸುವ ಹ್ಯಾಂಡ್‌ಲೂಮ್ ಮಾರ್ಕ್ ಮುದ್ರೆ ಬಂತು. ಇಳಕಲ್ ಸೀರೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ಕಾಗದದ ಮೇಲೆ ಇಷ್ಟೆಲ್ಲ ಬೇಲಿ ಹಾಕಿ, ಗೇಟನ್ನು ಹಗಲು ರಾತ್ರಿ ತೆರೆದಿಟ್ಟರೆ ಬೆಳೆ ಉಳಿಯುತ್ತದೆಯೇ?

ಕೆಲವು ವರ್ಷಗಳ ಹಿಂದೆ ಅಕ್ಕನ ಮಗಳ ಮದುವೆಯ ಜವಳಿಗೆಂದು ಅವ್ವನನ್ನು ಕರೆದುಕೊಂಡು ದೊಡ್ಡದೊಂದು ಅಂಗಡಿಗೆ ಹೋಗಿದ್ದೆವು. ಬೀಗರಿಗೆ ಕೊಡುವ ಬೇರೆ ಸೀರೆಗಳನ್ನು ನೋಡುತ್ತಿರುವಾಗ, ನಾವು ಯಾರೆಂದು ತಿಳಿಯದ ಹುಡುಗನೊಬ್ಬ ಒಂದು ಇಳಕಲ್ ತಂದು ನಮ್ಮ ಮುಂದೆ ಬಿಚ್ಚಿದ. ಅದರ ಮೇಲೆ ಕೈಮಗ್ಗದ್ದೆಂದು ಅಚ್ಚು ಹಾಕಿದ ಚೀಟಿ ಅಂಟಿಸಿತ್ತು. ಅವ್ವ ಕನ್ನಡಕ ಹಾಕಿಕೊಂಡು ಸೆರಗನ್ನು ಒಳಮಗ್ಗುಲಿಗೆ ತಿರುವಿದಳು. ಒಡಲು ಮತ್ತು ಸೆರಗು ಕೂಡುವಲ್ಲಿ ಹೆಬ್ಬೆರಳಿನಿಂದ ಸವರಿ ನೋಡಿದಳು. "ತಮ್ಮಾ, ಇದು ಎಲ್ಲಿ ನೇಯ್ದದ್ದಪಾ?" ಎಂದು ಕೇಳಿದಳು. "ಇಳಕಲ್ಲದಾಗರೀ ಅಮ್ಮಾರ, ಖಾಸ್ ಕೈಮಗ್ಗದ್ದು" ಎಂದ. "ಇದರಾಗ ಕೊಂಡಿನೇ ಇಲ್ಲಲ್ಲೋ." "ಈಗ ಕೊಂಡಿ ಯಾರು ನೋಡ್ತಾರ್ರೀ, ನೀವು ಬಣ್ಣ ನೋಡ್ರಿ." ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೋ ಹೇಳಿಕೊಟ್ಟದ್ದನ್ನು ಅವನು ಹೇಳಿದ. ಅವ್ವ ಚೀಟಿಯ ಮೇಲಿನ ಬೆಲೆ ಓದಿಸಿಕೊಂಡು, ಬೆರಳು ಮಡಚಿ ನೂಲಿನ ದರ, ಬಣ್ಣದ ದರ, ಹಾಸು ಹೂಡುವ ಕೂಲಿ ಎಂದು ಲೆಕ್ಕ ಹಾಕಿ, "ಈ ರೇಟಿಗೆ ನೂಲಿನ ದುಡ್ಡೂ ಹುಟ್ಟಂಗಿಲ್ಲ" ಎಂದಳು. ಸೀರೆಯನ್ನು ಮಡಿಕೆಯ ಗೆರೆ ತಪ್ಪದಂತೆ ಮಡಚಿ ಅವನ ಕೈಗೆ ಕೊಟ್ಟಳು. ಊರಿಗೆ ಬಂದ ಮೇಲೆ ನಾನು ಇದನ್ನೆಲ್ಲ ಬರೆದು ಒಂದು ಕಚೇರಿಗೆ ಕಳುಹಿಸಿದೆ. ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ, ಇನ್ನೊಂದು ಕಚೇರಿಗೆ ಬರೆಯಿರಿ ಎಂಬ ಉತ್ತರ ಬಂತು. ಆ ಇನ್ನೊಂದು ಕಚೇರಿಯಿಂದ ಉತ್ತರವೇ ಬರಲಿಲ್ಲ. ಮೀಸಲು ಕಾಯ್ದೆ ನಮ್ಮ ಮನೆಯ ಹೊಸ್ತಿಲಿಗೆ ಬಂದು ಮುಟ್ಟಿದ ಬಗೆ ಇದು.

ಮಾರುಕಟ್ಟೆಯಲ್ಲಿ ಗೆಲ್ಲುವವರು ಗೆಲ್ಲಲಿ, ಸರ್ಕಾರ ನಡುವೆ ಬರಬಾರದು ಎಂದು ವಾದಿಸುವವರು ಒಂದು ಮಾತನ್ನು ಮರೆಯುತ್ತಾರೆ. ಸರ್ಕಾರ ಆಗಲೇ ನಡುವೆ ನಿಂತಿದೆ, ಅದೂ ಒಂದು ಪಕ್ಷದ ಕಡೆಗೆ. ವಿದ್ಯುತ್ ಮಗ್ಗಗಳಿಗೆ ರಿಯಾಯಿತಿ ದರದಲ್ಲಿ ವಿದ್ಯುತ್ ಕೊಡುವುದು ಸರ್ಕಾರ. ಕೈಮಗ್ಗಕ್ಕೆ ಬೇಕಾದ ಲಡಿ ನೂಲನ್ನು (ಸುರುಳಿಯಾಗಿ ಕಟ್ಟಿದ ನೂಲು) ನೂಲಿನ ಗಿರಣಿಗಳು ಇಂತಿಷ್ಟು ಮಾಡಲೇಬೇಕೆಂಬ ನಿಯಮವಿದೆ. ಅದನ್ನು ಶೇ 40ರಿಂದ ಶೇ 30ಕ್ಕೆ 2019ರಲ್ಲಿ ಇಳಿಸಿದ್ದೂ ಸರ್ಕಾರವೇ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ಮಾಡಿದ ವಸ್ತುವಿಗೂ ತೆರಿಗೆ ಬಿತ್ತು. ಅದನ್ನು ಶೂನ್ಯಕ್ಕೆ ಇಳಿಸಬೇಕೆಂದು ರಂಗಕರ್ಮಿ ಪ್ರಸನ್ನ ಅವರು ಸತ್ಯಾಗ್ರಹಕ್ಕೆ ಕುಳಿತರು. 2020ರಲ್ಲಿ, ಲಾಕ್‌ಡೌನಿನಿಂದ ನೇಕಾರರ ಒಲೆ ಆರಿಹೋಗಿದ್ದ ಹೊತ್ತಿನಲ್ಲಿಯೇ, ಕೈಮಗ್ಗದ ವಿಷಯದಲ್ಲಿ ಸಲಹೆ ಕೊಡುತ್ತಿದ್ದ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ಕೇಂದ್ರ ಸರ್ಕಾರ ರದ್ದು ಮಾಡಿತು. ಒಂದು ಕಡೆಗೆ ತಕ್ಕಡಿಯನ್ನು ಇಷ್ಟೊಂದು ಜಗ್ಗಿ, ಇನ್ನೊಂದು ಕಡೆಯವರಿಗೆ ಸ್ವಂತ ಬಲದಿಂದ ನಿಲ್ಲಿರಿ ಎಂದು ಬುದ್ಧಿ ಹೇಳುವುದನ್ನು ನಾನು ಒಪ್ಪಲಾರೆ. ಸಂವಿಧಾನದ 43ನೇ ವಿಧಿಯು ಹಳ್ಳಿಗಳಲ್ಲಿ ಗುಡಿ ಕೈಗಾರಿಕೆಗಳನ್ನು ಬೆಳೆಸಲು ರಾಜ್ಯವು ಪ್ರಯತ್ನಿಸಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಬರೆದವರಿಗೆ ಗಿರಣಿಗಳ ಶಕ್ತಿ ಗೊತ್ತಿರಲಿಲ್ಲವೇ? ಗೊತ್ತಿದ್ದರಿಂದಲೇ ಬರೆದರು.

ವಿದ್ಯುತ್ ಮಗ್ಗದವರೂ ಬಡವರೇ ಎಂಬ ಮಾತನ್ನು ಮುಂದೆ ತರುತ್ತಾರೆ. ನಕಲಿ ಇಳಕಲ್ಲಿನ ಲಾಭ ತಿನ್ನುವವರು ಬಂಡವಾಳ ಹಾಕಿದ ದೊಡ್ಡ ವ್ಯಾಪಾರಿಗಳು. ಅವರನ್ನು ಕಾಪಾಡಲು ಬಡವರ ಹೆಸರನ್ನು ಮುಂದೆ ಮಾಡುವುದು ಬೇಡ.

ಇಳಕಲ್ಲಿನಿಂದ ಐಹೊಳೆ, ಪಟ್ಟದಕಲ್ಲು ದೂರವಿಲ್ಲ. ಪಟ್ಟದಕಲ್ಲಿನ ಗುಡಿಗಳು 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಸುತ್ತ ಹುಲ್ಲು ಬೆಳೆಸುವುದಕ್ಕೆ, ಬಿರುಕು ಮುಚ್ಚುವುದಕ್ಕೆ, ಕಾವಲು ಕಾಯುವುದಕ್ಕೆ ಖರ್ಚು ಮಾಡಿದಾಗ ಯಾರೂ ಲಾಭ ನಷ್ಟದ ಲೆಕ್ಕ ಕೇಳುವುದಿಲ್ಲ, ಕೇಳಲೂ ಬಾರದು. ಆದರೆ ಕಲ್ಲು ಕಾಯುತ್ತದೆ. ಇಂದು ದುರಸ್ತಿಯಾಗದಿದ್ದರೆ ಹತ್ತು ವರ್ಷ ಬಿಟ್ಟು ಮಾಡಬಹುದು. ಕೊಂಡಿ ಹಾಕುವ ಕೈ ಹಾಗೆ ಕಾಯುವುದಿಲ್ಲ. ಒಂದು ಸೀರೆಯ ಹಿಂದೆ ನೇಯುವವನೊಬ್ಬನೇ ಇಲ್ಲ. ನೂಲಿಗೆ ಬಣ್ಣ ಹಾಕುವವನು, ಹಾಸು ಹೂಡುವವನು, ಗಂಜಿ ಕೊಡುವವನು, ಕಂಡಿಕೆ ಸುತ್ತುವ ಹೆಂಗಸರು, ಹಣಿಗೆ (ಹಾಸಿನ ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆ) ಕಟ್ಟುವವನು ಇದ್ದಾರೆ. ಇವರಲ್ಲಿ ಒಬ್ಬರ ಕೆಲಸ ನಿಂತರೂ ಉಳಿದವರು ಕೂಲಿ ಹುಡುಕಿಕೊಂಡು ಗ್ರಾನೈಟ್ ಘಟಕಕ್ಕೋ ಗೋವಾಕ್ಕೋ ಹೊರಟುಬಿಡುತ್ತಾರೆ. ಒಂದು ತಲೆಮಾರು ಕಲಿಯದೆ ಬಿಟ್ಟರೆ, ಆಮೇಲೆ ವಸ್ತುಸಂಗ್ರಹಾಲಯದ ಗಾಜಿನೊಳಗಿನ ಸೀರೆಯನ್ನು ಬಿಚ್ಚಿ ನೋಡಿ ಕಲಿಯುತ್ತೇವೆ ಎಂದರೆ ಆಗುವ ಮಾತಲ್ಲ.

ನೀವೇ ಮಗ್ಗ ಬಿಟ್ಟು ಶಿಕ್ಷಕಿಯಾದಿರಲ್ಲ ಎಂದು ನನ್ನನ್ನು ಕೇಳುವವರಿದ್ದಾರೆ. ನನ್ನ ಫೀ ಕಟ್ಟಿದ್ದು, ನನಗೆ ಪುಸ್ತಕ ಕೊಡಿಸಿದ್ದು ಆ ಮಗ್ಗವೇ. ಅಪ್ಪ ಕುಣಿಯೊಳಗೆ ಕಾಲು ಇಳಿಬಿಟ್ಟು ಬೆಳಗಿನಿಂದ ಲಾಳಿ ಹೊಡೆಯುತ್ತಿದ್ದುದರಿಂದ ನಾನು ಓದಿದೆ. ಅದರ ಋಣ ನನ್ನ ಮೇಲಿದೆ, ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಕುಣಿಮಗ್ಗದ ಇನ್ನೊಂದು ಸಂಕಟವನ್ನು ಹೊರಗಿನವರು ಅಷ್ಟಾಗಿ ಅರಿತಿಲ್ಲ. ಅದು ನೆಲದೊಳಗಿನ ಮಗ್ಗ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ದಂಡೆಯ ಊರುಗಳಲ್ಲಿ ಕಂಡದ್ದು ಇದೇ: ಮೊಳಕಾಲುದ್ದ ನೀರು ಹೊಕ್ಕ ಮನೆಯಲ್ಲಿ ಕಪಾಟು ಉಳಿಯುತ್ತದೆ, ಮಂಚ ಉಳಿಯುತ್ತದೆ, ಕುಣಿ ಮಾತ್ರ ಮೊದಲ ಗಳಿಗೆಯಲ್ಲೇ ತುಂಬುತ್ತದೆ. ಹೂಡಿದ ಹಾಸು ಕೆಸರಾಗುತ್ತದೆ, ಕಟ್ಟಿಗೆ ಉಬ್ಬುತ್ತದೆ. ಹೊಲದ ಬೆಳೆಗೆ ವಿಮೆ ಇದೆ, ಪಂಚನಾಮೆ ಇದೆ, ಎಕರೆಗೆ ಇಂತಿಷ್ಟು ಎಂಬ ಲೆಕ್ಕವಿದೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯೂ ಬೆಳೆಯೇ ಎಂದು ಒಪ್ಪಿ, ಅದಕ್ಕೂ ಅಂಥದೇ ಖಾಯಂ ವ್ಯವಸ್ಥೆ ಬೇಕು.

ರಾಜ್ಯ ಸರ್ಕಾರ ನೇಕಾರ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 2,000 ರೂಪಾಯಿ ಕೊಡಲು ಶುರು ಮಾಡಿ, ಆಮೇಲೆ ಅದನ್ನು 5,000ಕ್ಕೆ ಏರಿಸಿದೆ. ಕೊಟ್ಟದ್ದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮಗೆ ಬೇಕಾದದ್ದು ಬೇರೆ. ಪ್ರತಿ ಕೈಮಗ್ಗದ ಸೀರೆಗೂ ನೇಕಾರರ ಗುರುತಿನ ಮುದ್ರೆ ಇರಲಿ, ಮುದ್ರೆಯಿಲ್ಲದ್ದನ್ನು ಕೈಮಗ್ಗವೆಂದು ಮಾರಿದವರಿಗೆ ದಂಡ ಬೀಳಲಿ. ಲಡಿ ನೂಲೂ ರೇಷ್ಮೆಯೂ ಇಳಕಲ್, ಗುಳೇದಗುಡ್ಡ, ಕಮತಗಿ, ಸೂಳೇಭಾವಿಗಳಲ್ಲಿಯೇ ಗಿರಣಿಯ ದರದಲ್ಲಿ ಸಿಗಲಿ. ಕೊಂಡಿ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಎರಡು ವರ್ಷ ತಿಂಗಳ ಭತ್ಯೆ ಕೊಟ್ಟು, ಕಲಿಸುವ ಅವ್ವಂದಿರಿಗೆ ಗುರುವಿನ ಸಂಬಳ ಕೊಡಲಿ. ನನ್ನ ಅವ್ವನ ಕಣ್ಣು ಈಗ ಮಂಜಾಗಿದೆ. ಓಣಿಯಲ್ಲಿ ಆಕೆಯ ಓರಗೆಯವರು ಇನ್ನೂ ಕೆಲವರಿದ್ದಾರೆ, ಕಲಿಸಲು ಸಿದ್ಧರಿದ್ದಾರೆ.


ವಿರೋಧ: ನೆರವು ನೇಕಾರರಿಗೆ ಇರಲಿ, ಮಗ್ಗಕ್ಕೆ ಬೇಡ
(ಬರೆದವರು: ಬೆಳಗಾವಿಯ ನಿವೃತ್ತ ಬ್ಯಾಂಕ್ ಅಧಿಕಾರಿ)

ಈ ಚರ್ಚೆಯಲ್ಲಿ ವಿರೋಧದ ಪಕ್ಷವನ್ನು ನನಗೆ ವಹಿಸಿದ್ದಾರೆ. ಕೈಮಗ್ಗದ ಸೀರೆಯ ಚೆಲುವಿನ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಮನೆಯಲ್ಲೂ ಹಬ್ಬಕ್ಕೆ ಇಳಕಲ್ ಸೀರೆ, ಗುಳೇದಗುಡ್ಡದ ಖಣವೇ ಆಗಬೇಕು. ಆದರೂ ಸೇವೆಯ ಹೆಚ್ಚಿನ ಕಾಲವನ್ನು ಬಾಗಲಕೋಟೆ ಜಿಲ್ಲೆಯ ನೇಕಾರ ಊರುಗಳ ಶಾಖೆಗಳಲ್ಲಿ ಕಳೆದವನಾಗಿ, ಒಂದು ಕಸುಬನ್ನು ಉಳಿಸುವುದು ಸರ್ಕಾರದ ಗುರಿಯಾಗಬಾರದು ಎಂದು ವಾದಿಸಲು ನನ್ನ ಬಳಿ ಕಾರಣಗಳಿವೆ.

ಮೊದಲನೆಯದು ನೇಕಾರರ ಸ್ಥಿತಿಯೇ. ಅಖಿಲ ಭಾರತ ಕೈಮಗ್ಗ ಮಂಡಳಿ ಹುಟ್ಟಿದ್ದು 1952ರಲ್ಲಿ. ನಮ್ಮ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪನೆಯಾದದ್ದು 1975ರಲ್ಲಿ. ಸಹಕಾರ ಸಂಘಗಳು, ರಿಬೇಟು, ಬಡ್ಡಿ ಸಹಾಯಧನ, ಸಾಲ ಮನ್ನಾ ಎಲ್ಲವೂ ಬಂದವು. ಇಷ್ಟಾದ ಮೇಲೆ 2019–20ರ ನಾಲ್ಕನೇ ಕೈಮಗ್ಗ ಗಣತಿ ಏನು ಹೇಳಿತು? ದೇಶದ ನೇಕಾರ ಕುಟುಂಬಗಳಲ್ಲಿ ಶೇ 66ರಷ್ಟು ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಮಗ್ಗವನ್ನು ಉಳಿಸಿದ್ದೇವೆ, ಅದರ ಮುಂದೆ ಕುಳಿತವನ ಹೊಟ್ಟೆಯನ್ನು ತುಂಬಿಸಿಲ್ಲ. ನೆರವು ಸಾಲದ್ದರಿಂದ ಹೀಗಾಯಿತು, ಇನ್ನಷ್ಟು ಕೊಡಿ ಎನ್ನುವವರು ಎಷ್ಟು ಕೊಟ್ಟರೆ ಸಾಕು ಎಂಬುದನ್ನೂ ಹೇಳಬೇಕು.

ಎರಡನೆಯದಾಗಿ, ಸರ್ಕಾರ ಕಸುಬಿನೊಳಗೆ ಕೈ ಹಾಕಿದಾಗ ಕಸುಬೇ ಕೆಟ್ಟ ಉದಾಹರಣೆ ನಮ್ಮ ಮುಂದಿದೆ. 1976ರಲ್ಲಿ ಜನತಾ ಬಟ್ಟೆಯ ಯೋಜನೆ ಬಂತು. ಬಡವರಿಗೆ ಅಗ್ಗದ ಧೋತರ, ಸೀರೆ ಸಿಗಲಿ, ನೇಕಾರರಿಗೆ ವರ್ಷವಿಡೀ ಕೆಲಸ ಸಿಗಲಿ ಎಂಬುದು ಒಳ್ಳೆಯ ಉದ್ದೇಶವೇ. ಆದರೆ ಅದಕ್ಕೆ ಬೇಕಾದದ್ದು ದಪ್ಪ ನೂಲಿನ, ಚಿತ್ತಾರವಿಲ್ಲದ ಬಟ್ಟೆ. ನಯವಾದ ನೇಯ್ಗೆ ಬಲ್ಲವರೂ ಖಚಿತ ಕೂಲಿಯ ಆಸೆಗೆ ಅದನ್ನೇ ನೇಯತೊಡಗಿದರು. 90ರ ದಶಕದಲ್ಲಿ ಯೋಜನೆ ಮುಚ್ಚಿತು. ಅಷ್ಟು ಹೊತ್ತಿಗೆ ಹಳೆಯ ಗಿರಾಕಿ ಬೇರೆ ಕಡೆ ಹೋಗಿದ್ದ, ಹೊಸ ತಲೆಮಾರಿಗೆ ನಯದ ಕೆಲಸ ಬರುತ್ತಿರಲಿಲ್ಲ. ಇಂದು ಶಾಲೆಯ ಸಮವಸ್ತ್ರಕ್ಕೆ ನಿಗಮದಿಂದ ಬಟ್ಟೆ ನೇಯಿಸುವ ವಿದ್ಯಾ ವಿಕಾಸ ಯೋಜನೆಯಲ್ಲೂ ಅದೇ ಅಪಾಯವಿದೆ. ಕೊಳ್ಳುವವನು ಸರ್ಕಾರವೊಂದೇ ಆದಾಗ, ಬಿಲ್ಲು ತಡವಾದರೆ ಇಡೀ ಓಣಿಯ ಸಂತೆ ನಿಲ್ಲುತ್ತದೆ.

ಮೀಸಲು ಕಾಯ್ದೆಯನ್ನು ಬಿಗಿಗೊಳಿಸಿ ಎಂಬ ಬೇಡಿಕೆ ಹಳೆಯದು. ಪ್ರತಿ ಅಂಗಡಿಯ ಬಾಗಿಲಲ್ಲೂ ಒಬ್ಬ ಇನ್‌ಸ್ಪೆಕ್ಟರನನ್ನು ನಿಲ್ಲಿಸಿ, ಸೀರೆಗೊಂದು ತಪಾಸಣೆ ಮಾಡಿಸಿ ಯಾವ ಕಲೆಯೂ ಉಳಿದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ದಂಡದ ಹೊಡೆತ ಕೊನೆಗೆ ಬೀಳುವುದು ಯಾರ ಮೇಲೆ ಎಂದು ಯೋಚಿಸಬೇಕು. ಬೆಳಗಾವಿಯ ವಡಗಾವಿ, ಖಾಸಬಾಗ, ಶಹಾಪುರದ ಓಣಿಗಳಲ್ಲಿ, ರಬಕವಿ–ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ ಓಡಿಸುವವರೂ ನೇಕಾರರೇ. ಅವರ ಅಜ್ಜಂದಿರೂ ಕೈಮಗ್ಗದವರೇ. ಎರಡು ಮಗ್ಗ ಇಟ್ಟುಕೊಂಡು, ನೂಲು ಕೊಡುವ ಸಾವಕಾರನ ಹಂಗಿನಲ್ಲಿ, ಮನೆಯವರೆಲ್ಲ ಪಾಳಿಯ ಮೇಲೆ ದುಡಿಯುವವರು. ಒಬ್ಬ ನೇಕಾರನ ಅನ್ನವನ್ನು ಕಾಯ್ದೆಯಿಂದ ಕಿತ್ತು ಇನ್ನೊಬ್ಬ ನೇಕಾರನ ತಟ್ಟೆಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಸಾಲದ ವಿಷಯವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಮ್ಮೆ ವಯಸ್ಸಾದ ನೇಕಾರರೊಬ್ಬರು ಮಗ್ಗದ ಸಾಲಕ್ಕೆ ಅರ್ಜಿ ತಂದಿದ್ದರು. ಮನೆ ಪರಿಶೀಲನೆಗೆ ಹೋದಾಗ ಅವರ ಮಗ್ಗ ಸುಸ್ಥಿತಿಯಲ್ಲೇ ಇತ್ತು. ಹೊಸ ಹಣಿಗೆ ಕೂಡ ಕಟ್ಟಿಸಿದ್ದರು. ಹಣ ಯಾತಕ್ಕೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಹೇಬರ, ಖರೇ ಹೇಳ್ತೀನಿ, ಮಗಗ ಐಟಿಐ ಸೇರಸಬೇಕಾಗೇತ್ರಿ. ಅದಕ್ಕ ನಿಮ್ಮಲ್ಲಿ ನಮಗ ಸಾಲ ಹುಟ್ಟಂಗಿಲ್ಲ, ಮಗ್ಗಕ್ಕಾದ್ರ ಹುಟ್ಟತೈತಿ" ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಮಗ್ಗದ ಮೇಲೆ ಕುಳಿತಿರುವುದಕ್ಕೆ ಬಡ್ಡಿ ರಿಯಾಯಿತಿ ಇತ್ತು, ಮಗ್ಗದಿಂದ ಏಳುವುದಕ್ಕೆ ಇರಲಿಲ್ಲ. 2019ರಲ್ಲಿ ರಾಜ್ಯ ಸರ್ಕಾರ ನೇಕಾರರ ಸಾಲ ಮನ್ನಾ ಘೋಷಿಸಿದಾಗ, ಹೊಟ್ಟೆ ಬಟ್ಟೆ ಕಟ್ಟಿ ಕಂತು ತುಂಬುತ್ತ ಬಂದವರು ನಮ್ಮಂಥ ಶಾಖೆಗಳ ಕೌಂಟರಿನ ಮುಂದೆ ನಿಂತು, ನಮಗೇನು ಎಂದು ಕೇಳಿದರು. ಅವರಿಗೆ ಹೇಳಲು ಯಾರ ಬಳಿಯೂ ಉತ್ತರವಿರಲಿಲ್ಲ.

ಕಸುಬು ತನ್ನ ಕಾಲ ಮೇಲೆ ನಿಲ್ಲಬಲ್ಲದು ಎಂಬುದಕ್ಕೆ ಅಥಣಿಯ ಚಪ್ಪಲಿಯನ್ನು ನೋಡಬಹುದು. ಅಲ್ಲಿ ಸ್ವಸಹಾಯ ಗುಂಪುಗಳ ಹೆಣ್ಣುಮಕ್ಕಳು ಕೂಡಿ ಚಪ್ಪಲಿ ಮಾಡಿ ಹೊರದೇಶಕ್ಕೂ ಕಳುಹಿಸಿದರು. ಅಥಣಿಯದೂ ಕೊಲ್ಹಾಪುರಿ ಚಪ್ಪಲಿಯೇ; ಅದರ ಜಿಐ ಮಾನ್ಯತೆ 2019ರಲ್ಲಿ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಅದರಲ್ಲಿ ಸೇರಿದವು. 2025ರ ಜೂನ್‌ನಲ್ಲಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ರೂಪದ ಪಾದರಕ್ಷೆ ತೋರಿಸಿದಾಗ ದೇಶವೆಲ್ಲ ಈ ಚಪ್ಪಲಿಯ ಹೆಸರೆತ್ತಿತು. ಜಿಐಗೆ ಅರ್ಜಿ ಹಾಕಿದ್ದು ಎರಡೂ ರಾಜ್ಯಗಳ ಚರ್ಮೋದ್ಯೋಗ ನಿಗಮಗಳು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಹೆಸರನ್ನು ನೋಂದಾಯಿಸಿ ಕೊಡುವಷ್ಟು ಕೆಲಸ ಸರ್ಕಾರ ಮಾಡಲಿ. ಅದರಾಚೆಗೆ ವ್ಯಾಪಾರವನ್ನು ಮಾಡುವವರಿಗೆ ಬಿಡಲಿ. ಇನ್ನು ಕೌದಿಯನ್ನು ನೋಡಿ. ವಿಜಯಪುರದ ಹಳ್ಳಿಗಳಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಂದಿಸಿ ಹೆಂಗಸರು ಇಂದಿಗೂ ಕೌದಿ ಹೊಲಿಯುತ್ತಾರೆ. ಜನರಿಗೆ ಬೇಕಾಗಿದೆ, ಅದು ಉಳಿದಿದೆ.

1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ನಮ್ಮ ಬೆಳಗಾವಿಯಲ್ಲಿಯೇ. ತಿಂಗಳಿಗೆ 2,000 ಗಜ ನೂಲು ಕೊಟ್ಟವರೇ ಸದಸ್ಯರು ಎಂಬ ನಿಯಮಕ್ಕೆ ಇಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷವೇ, 1925ರಲ್ಲಿ, ಪಟ್ನಾದ ಸಭೆ ಅದನ್ನು ಐಚ್ಛಿಕ ಮಾಡಬೇಕಾಯಿತು. ಗಾಂಧೀಜಿಯವರ ಮಾತಿಗೂ ಜನ ನಿಯಮದ ಒತ್ತಾಯದಿಂದ ನೂಲಲಿಲ್ಲ. ಅವರನ್ನು ಪ್ರೀತಿಸಿದವರು ನೂತರು.

ಹಾಗಾದರೆ ಸರ್ಕಾರ ಕೈ ಕಟ್ಟಿ ಕೂರಬೇಕೆಂದು ನಾನು ಹೇಳುವುದಿಲ್ಲ. ಅರುವತ್ತು ದಾಟಿದ ನೇಕಾರರಿಗೆ, ನೇಕಾರ ಮಹಿಳೆಯರಿಗೆ ತಿಂಗಳು ತಪ್ಪದೆ ಬದುಕಲು ಸಾಕಾಗುವಷ್ಟು ಪಿಂಚಣಿ ಕೊಡಲಿ. ಕುಣಿಯಲ್ಲಿ ಕುಳಿತು ಕುಳಿತು ಬರುವ ಮೊಳಕಾಲು, ಸೊಂಟ, ಕಣ್ಣಿನ ತೊಂದರೆಗಳಿಗೆ ಪೂರ್ತಿ ಚಿಕಿತ್ಸೆ ಉಚಿತವಾಗಿ ಸಿಗಲಿ. ಅವರ ಮಕ್ಕಳ ವಸತಿನಿಲಯದ, ಐಟಿಐ, ಪಾಲಿಟೆಕ್ನಿಕ್ ಶುಲ್ಕವನ್ನು ಸರ್ಕಾರ ಭರಿಸಲಿ. ಅಷ್ಟಾದ ಮೇಲೆ ಮಗ ತಾನಾಗಿಯೇ ಮಗ್ಗದ ಮುಂದೆ ಕೂರುತ್ತೇನೆ ಎಂದರೆ ಅವನಿಗೆ ಮಗ್ಗದ ಸಾಲ ಕೊಡಲಿ. ಏಳುತ್ತೇನೆ ಎಂದರೆ ಅದೇ ಬಡ್ಡಿಗೆ ಅಷ್ಟೇ ಸಾಲವನ್ನು ಬೇರೆ ಉದ್ಯೋಗಕ್ಕೂ ಕೊಡಲಿ.